ಆರು ನಿಮಿಷದ ಪಾಠ, ಹದಿನಾರು ವಾರದ ಶಾಲೆ

ಬಿ.ಇಡಿ. ಓದಿದ ಯಾರನ್ನಾದರೂ ಕೇಳಿ, ‘36 ನಿಮಿಷ’ ಎಂದೊಡನೆ ಅವರಿಗೆ ಅಣುಬೋಧನೆ ನೆನಪಾಗುತ್ತದೆ. ಆರು ನಿಮಿಷ ಪಾಠ, ಆರು ನಿಮಿಷ ಹಿಮ್ಮಾಹಿತಿ, ಹನ್ನೆರಡು ನಿಮಿಷ ಮರುಯೋಜನೆ, ಆಮೇಲೆ ಅದೇ ಪಾಠ ಮತ್ತೊಮ್ಮೆ ಆರು ನಿಮಿಷ, ಅದರ ಮೇಲಿನ ಮಾತು ಇನ್ನಾರು ನಿಮಿಷ. ಕರ್ನಾಟಕದ ಬಿ.ಇಡಿ. ಕಾಲೇಜುಗಳಲ್ಲಿ ಮಾಮೂಲಾಗಿರುವ ಈ ಲೆಕ್ಕಕ್ಕೂ ಗುಜರಾತಿಗೂ ಹತ್ತಿರದ ನಂಟಿದೆ.

ಅಣುಬೋಧನೆ ಹುಟ್ಟಿದ್ದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ, 1963ರ ಸುಮಾರಿಗೆ. ಡ್ವೈಟ್ ಆಲನ್ ಮತ್ತು ಸಂಗಡಿಗರು ಹೊಸ ಶಿಕ್ಷಕರ ಪಾಠವನ್ನು ವಿಡಿಯೊದಲ್ಲಿ ಹಿಡಿದು ಅವರಿಗೇ ತೋರಿಸುತ್ತಿದ್ದರು. ನಮ್ಮ ಕಾಲೇಜುಗಳಲ್ಲಿ ಆಗ ವಿಡಿಯೊ ಎಲ್ಲಿತ್ತು? ವಡೋದರಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಶಿಕ್ಷಣ ಸಂಶೋಧನಾ ಕೇಂದ್ರ, ಎನ್‌ಸಿಇಆರ್‌ಟಿಯ ಜೊತೆ ಸೇರಿ, 1970ರ ದಶಕದಲ್ಲಿ ಇದನ್ನು ನಮ್ಮ ಸ್ಥಿತಿಗೆ ಒಗ್ಗಿಸಿತು. ಕ್ಯಾಮೆರಾದ ಜಾಗಕ್ಕೆ ಸಹಪಾಠಿಗಳು ಬಂದರು. ಕೆಲವರು ವಿದ್ಯಾರ್ಥಿಗಳಾಗಿ ಕುಳಿತರು, ಒಬ್ಬರು ಹಾಳೆ ಹಿಡಿದು ಗೀಟು ಹಾಕುತ್ತಾ ಹೋದರು. ಅಲ್ಲಿ ಈ ಕೆಲಸದಲ್ಲಿ ತೊಡಗಿದ್ದ ಬಿ.ಕೆ. ಪಾಸಿ ಅವರ ಅಣುಬೋಧನೆಯ ಪುಸ್ತಕ 1976ರಲ್ಲಿ ಅಹಮದಾಬಾದಿನಿಂದ ಪ್ರಕಟವಾಯಿತು. ಖರ್ಚಿಲ್ಲದ ಈ ವಿಧಾನ ದೇಶದ ಉದ್ದಗಲಕ್ಕೂ ಹಬ್ಬಿತು.

ಆ ಗೀಟು ಹಾಕುವ ಹಾಳೆಯನ್ನು ಹತ್ತಿರದಿಂದ ನೋಡಬೇಕು. ಇವತ್ತು ಅಭ್ಯಾಸ ಮಾಡಬೇಕಾದ ಕೌಶಲ ಪ್ರಶ್ನೆ ಕೇಳುವುದು ಎಂದುಕೊಳ್ಳಿ. ಪ್ರಶಿಕ್ಷಣಾರ್ಥಿ ದ್ಯುತಿಸಂಶ್ಲೇಷಣೆಯ ಬಗ್ಗೆ ಪ್ರಶ್ನೆ ಕೇಳುತ್ತಾರೆ, ಕ್ಷಣವೂ ಕಾಯದೆ ತಾವೇ ಉತ್ತರ ಹೇಳಿಬಿಡುತ್ತಾರೆ. ಹಾಳೆಯಲ್ಲಿ ಒಂದು ಗೀಟು. ‘ಗೊತ್ತಾಯ್ತಾ?’ ಎನ್ನುತ್ತಾರೆ, ಎಲ್ಲರೂ ‘ಹೂಂ’ ಎನ್ನುತ್ತಾರೆ. ಇನ್ನೊಂದು ಗೀಟು. ತರಗತಿಯ ಮೌನವನ್ನು ಅಳೆದು ನೋಡಿದ ಅಮೆರಿಕದ ಸಂಶೋಧಕಿ ಮೇರಿ ಬಡ್ ರೋವ್ ಅವರಿಗೆ ಕಂಡದ್ದೂ ಇದೇ: ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಒಂದು ಸೆಕೆಂಡಿನಷ್ಟು. ಮೂರು ಸೆಕೆಂಡು ತಾಳಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ. ಹನ್ನೆರಡು ನಿಮಿಷದ ಮರುಯೋಜನೆಯಲ್ಲಿ ತಿದ್ದಿಕೊಳ್ಳಲು ಸಿಗುವುದು ಇಂಥ ಸಣ್ಣ ಸಂಗತಿಗಳೇ. ಸಣ್ಣವಾದರೂ ಇಡೀ ವೃತ್ತಿಗೆ ಒದಗುವಂಥವು.

ಆದರೆ ಸಹಪಾಠಿಗಳು ಎಷ್ಟಾದರೂ ಸಹಪಾಠಿಗಳು. ಅವರಿಗೆ ಹಸಿವಾಗಿರುವುದಿಲ್ಲ, ಕಿಟಕಿಯಾಚೆ ಕಬಡ್ಡಿ ನಡೆಯುತ್ತಿರುವುದಿಲ್ಲ, ಉತ್ತರ ಅವರಿಗೆ ಮೊದಲೇ ಗೊತ್ತಿರುತ್ತದೆ. ಒಂದು ಪ್ರೌಢಶಾಲೆ ಹೇಗೆ ನಡೆಯುತ್ತದೆ ಎಂಬುದನ್ನು ಆ ಕೋಣೆ ಕಲಿಸಲಾರದು.

ಈ ಕೊರತೆಯನ್ನು ಹೇಳಿದವರು ಬಹಳ ಹಿಂದೆಯೇ ಇದ್ದರು. 1964–66ರ ಕೊಠಾರಿ ಆಯೋಗ, ಶಿಕ್ಷಕರ ತರಬೇತಿ ಸಂಸ್ಥೆಗಳು ವಿಶ್ವವಿದ್ಯಾಲಯದಿಂದಲೂ ಶಾಲೆಗಳಿಂದಲೂ ದೂರ ಉಳಿದಿವೆ ಎಂದು ಎತ್ತಿ ತೋರಿಸಿತ್ತು. ಅದಕ್ಕೂ ಮೊದಲೇ, 1963ರಲ್ಲಿ, ಮೈಸೂರು, ಭೋಪಾಲ್, ಅಜ್ಮೀರ್, ಭುವನೇಶ್ವರಗಳಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜುಗಳು ಆರಂಭವಾಗಿದ್ದವು. ಪದವಿ ಮುಗಿಸಿ ಆಮೇಲೆ ಬಿ.ಇಡಿ. ಎನ್ನುವ ಬದಲು, ವಿಷಯ ಮತ್ತು ಬೋಧನೆ ಎರಡನ್ನೂ ನಾಲ್ಕು ವರ್ಷ ಒಟ್ಟಿಗೇ ಕಲಿಸುವ ಕೋರ್ಸು ಅಲ್ಲಿ ನಡೆಯಿತು. ಮೈಸೂರಿನ ಸಂಸ್ಥೆಯ ಆವರಣದೊಳಗೇ ಪ್ರಾತ್ಯಕ್ಷಿಕ ಶಾಲೆಯಿದೆ. ಭೌತಶಾಸ್ತ್ರ ಕಲಿಯುವ ಹುಡುಗಿ ಹಾಸ್ಟೆಲಿನಿಂದ ಹೊರಬಿದ್ದರೆ ಶಾಲೆಯ ಗಂಟೆ ಕೇಳುತ್ತದೆ. ಸರಳವಾದ ಈ ಏರ್ಪಾಡು ಬೇರೆ ಕಡೆ ಯಾಕೆ ಬೇಗ ಬೇರೂರಲಿಲ್ಲ ಎನ್ನುವುದು ಕೇಳಲೇಬೇಕಾದ ಪ್ರಶ್ನೆ.

ಉಳಿದೆಡೆ ದಶಕಗಟ್ಟಲೆ ನಡೆದದ್ದು ಒಂದು ವರ್ಷದ ಬಿ.ಇಡಿ. ಪ್ರಶಿಕ್ಷಣಾರ್ಥಿಗಳು ಚಾರ್ಟು, ಮಾದರಿ ಹೊತ್ತು ಶಾಲೆಗೆ ಹೋಗಿ, ಎಣಿಸಿದಷ್ಟು ಪಾಠ ಮುಗಿಸಿ, ಪಾಠಯೋಜನೆಯ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ಬರುತ್ತಿದ್ದರು. ಸುಪ್ರೀಂ ಕೋರ್ಟ್ ನೇಮಿಸಿದ್ದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ವರದಿ ಕೊಟ್ಟ ಮೇಲೆ ನಿಯಮಗಳು ಬದಲಾದವು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ ಬಿ.ಇಡಿ.ಯನ್ನು ಎರಡು ವರ್ಷಕ್ಕೆ ಏರಿಸಿತು. ಶಾಲೆಯಲ್ಲಿ ಕಳೆಯಬೇಕಾದ ಅವಧಿಯನ್ನು ಮೊದಲ ವರ್ಷ 4 ವಾರ, ಎರಡನೆಯ ವರ್ಷ 16 ವಾರ ಎಂದು ಗೊತ್ತುಪಡಿಸಿತು.

ಹದಿನಾರು ವಾರ ಎಂದರೆ ಶಾಲೆಗೆ ಹೋಗಿ ಬರುವುದಲ್ಲ, ಶಾಲೆಯಲ್ಲಿ ಇರುವುದು. ಗಣಿತದ ಮೇಷ್ಟ್ರು ರಜೆ ಹಾಕಿದ ದಿನ ಅವರ ಪೀರಿಯಡ್ಡಿಗೆ ಯಾರು ಹೋಗಬೇಕೆಂದು ಪ್ರಾರ್ಥನೆ ಮುಗಿಯುವುದರೊಳಗೆ ಹೇಗೆ ತೀರ್ಮಾನವಾಗುತ್ತದೆ, ಬಿಸಿಯೂಟದ ನಂತರದ ಪೀರಿಯಡ್ಡಿನಲ್ಲಿ ವ್ಯಾಕರಣ ಯಾಕೆ ತಲೆಗೆ ಹತ್ತುವುದಿಲ್ಲ, ರೂಪಣಾತ್ಮಕ ಪರೀಕ್ಷೆಯ ಅಂಕಗಳು ಯಾವ ಯಾವ ವಹಿ ದಾಟಿ ಆನ್‌ಲೈನಿಗೆ ಹೋಗುತ್ತವೆ, ಎಸ್‌ಎಸ್‌ಎಲ್‌ಸಿಯ ಆಂತರಿಕ ಅಂಕಗಳಿಗೆ ಯಾವ ದಾಖಲೆ ಇಟ್ಟಿರಬೇಕು, ಹತ್ತನೆಯ ತರಗತಿಯ ವಿಶೇಷ ತರಗತಿಗೆ ಬರಲು ಕೊನೆಯ ಬಸ್ಸಿನ ಮಕ್ಕಳಿಗೆ ಯಾಕಾಗದು. ಇವು ಯಾವ ಪಠ್ಯದಲ್ಲೂ ಅಧ್ಯಾಯವಾಗಿ ಬಂದಿಲ್ಲ. ಮೂರು ವಾರ ಸತತವಾಗಿ ಗೈರಾದ ಹುಡುಗನ ಹೆಸರು ಹಾಜರಿ ಪುಸ್ತಕದಲ್ಲಿ ಕಂಡಾಗ ತರಗತಿ ಶಿಕ್ಷಕಿ ಮೊದಲು ಯಾರಿಗೆ ಫೋನ್ ಮಾಡುತ್ತಾರೆ ಎಂಬುದನ್ನು ಪಕ್ಕದಲ್ಲಿ ನಿಂತೇ ಕಲಿಯಬೇಕು. ಪ್ರೌಢಶಾಲೆ ಎನ್ನುವುದು ಕೂಡ ಎಲ್ಲೆಡೆ ಒಂದೇ ಅಲ್ಲ. ಕರ್ನಾಟಕದಲ್ಲಿ ಅದು ಎಂಟನೆಯ ತರಗತಿಯಿಂದ ಶುರು, ಗುಜರಾತಿನಲ್ಲಿ ಒಂಬತ್ತರಿಂದ. ಇಲ್ಲಿ ಹೊಸ ಶಾಲೆಗೆ ಅಂಜುತ್ತಾ ಬರುವವರು ಹದಿಮೂರರ ಮಕ್ಕಳು, ಅಲ್ಲಿ ಹದಿನಾಲ್ಕರವರು.

ಹಾಗೆ ಪಕ್ಕದಲ್ಲಿ ನಿಲ್ಲಿಸಿಕೊಳ್ಳುವವರು ಯಾರು? ಈ ವ್ಯವಸ್ಥೆಯ ಜೀವ ಇರುವುದು ಆತಿಥೇಯ ಶಾಲೆಯ ಮಾರ್ಗದರ್ಶಿ ಶಿಕ್ಷಕರಲ್ಲಿ. ಅಹಮದಾಬಾದಿನದೇ ಹಳೆಯ ಉದಾಹರಣೆ ಇದಕ್ಕೆ ಸಾಕ್ಷಿ. ನಗರದ ಸ್ಯಾಟಲೈಟ್ ಬಡಾವಣೆಯ ಬಳಿ ಇಸ್ರೋದ ಬಾಹ್ಯಾಕಾಶ ಅನ್ವಯ ಕೇಂದ್ರವಿದೆ. ಆ ಕೇಂದ್ರ ತೊಡಗಿಕೊಂಡಿದ್ದ, 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದ ಮೂಲಕ ಟಿವಿ ಕಾರ್ಯಕ್ರಮಗಳು ಹೋದವು. ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಅದೇ ಪ್ರಯೋಗದಲ್ಲಿ ಸಾವಿರಾರು ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯೂ ನಡೆಯಿತು. ಅಷ್ಟು ಎತ್ತರದ ತಂತ್ರಜ್ಞಾನ ಕೈಯಲ್ಲಿದ್ದೂ ಯೋಜಕರು ಬರೀ ಟಿವಿಯನ್ನು ನೆಚ್ಚಲಿಲ್ಲ. ರೇಡಿಯೊ, ಚಟುವಟಿಕೆಯ ಕೈಪಿಡಿಗಳ ಜೊತೆಗೆ ಸ್ಥಳದಲ್ಲೇ ಮಾರ್ಗದರ್ಶನ ಮಾಡುವ ಶಿಕ್ಷಕರನ್ನೂ ಇಟ್ಟರು.

ಇಂದಿನ ಪ್ರೌಢಶಾಲೆಯಲ್ಲಿ ಆ ಮಾರ್ಗದರ್ಶಿಗೆ ಬಿಡುವೇ ಸಿಗದಿದ್ದರೆ, ಇಂಟರ್ನ್ ಬಂದರೆಂದು ತಮ್ಮ ಪೀರಿಯಡ್ ಅವರಿಗೆ ಒಪ್ಪಿಸಿ ಉತ್ತರ ಪತ್ರಿಕೆಯ ರಾಶಿಯತ್ತ ನಡೆಯುತ್ತಾರೆ. ಅದು ಅವರ ತಪ್ಪಲ್ಲ. ಮಾರ್ಗದರ್ಶನವನ್ನು ಅವರ ಕೆಲಸದ ಲೆಕ್ಕಕ್ಕೆ ಸೇರಿಸಬೇಕು, ವೇಳಾಪಟ್ಟಿಯಲ್ಲಿ ಅದಕ್ಕೆ ಜಾಗ ಮಾಡಬೇಕು, ಕಾಲೇಜಿನ ಅಧ್ಯಾಪಕರು ಸಹಿಗಷ್ಟೇ ಬಾರದೆ ತರಗತಿಯ ಹಿಂದಿನ ಬೆಂಚಿನಲ್ಲಿ ಪೂರ್ತಿ ಪಾಠ ಕೂರಬೇಕು. 2023–24ರಿಂದ ಆಯ್ದ ಸಂಸ್ಥೆಗಳಲ್ಲಿ ನಾಲ್ಕು ವರ್ಷದ ಸಂಯೋಜಿತ ಶಿಕ್ಷಕ ಶಿಕ್ಷಣ ಕೋರ್ಸು ಆರಂಭವಾಗಿದೆ. ಮೈಸೂರು ಅರವತ್ತು ವರ್ಷದ ಹಿಂದೆ ಹಿಡಿದ ದಾರಿ ಈಗ ಬೇರೆ ಕಡೆಗೂ ತೆರೆದುಕೊಳ್ಳುತ್ತಿದೆ. ಆ ಕೋರ್ಸಿನ ವಿದ್ಯಾರ್ಥಿಗಳು ಶಾಲೆಗೆ ಬರುವ ಮೊದಲೇ, ಅವರನ್ನು ಬರಮಾಡಿಕೊಳ್ಳುವ ಶಿಕ್ಷಕರಿಗೆ ವಾರಕ್ಕೆ ಎರಡು ಪೀರಿಯಡ್ ಬಿಡುವು ಕೊಡುವುದರಿಂದ ಶಿಕ್ಷಣ ಇಲಾಖೆಗಳು ಶುರು ಮಾಡಬಹುದು.