ಕೆರೆಗೆ ಬಿದ್ದ ಕಿಚ್ಚು

ಸಮುದ್ರದ ಗರ್ಭದಲ್ಲಿ ಬಡಬಾನಲವೆಂಬ ಅಗ್ನಿಯೊಂದು ಸದಾ ಉರಿಯುತ್ತಿರುತ್ತದೆಂದು ನಮ್ಮ ಪುರಾಣಗಳು ಹೇಳುತ್ತವೆ. ಹಳಗನ್ನಡದ ಕವಿಗಳಿಗೆ ಅದು ಬಲು ಪ್ರಿಯವಾದ ಕಲ್ಪನೆ. 2018ರ ಜನವರಿ ತಿಂಗಳ ಕೊನೆಯಲ್ಲಿ ತರಗತಿಯಲ್ಲಿ ಈ ಶಬ್ದದ ಅರ್ಥವನ್ನು ವಿವರಿಸುತ್ತಿದ್ದೆ. ನೀರಿನಲ್ಲಿ ಬೆಂಕಿಯಿರುವುದು ಕವಿಸಮಯವೆಂದೂ ಅದನ್ನು ಪ್ರತ್ಯಕ್ಷವಾಗಿ ಕಂಡವರಿಲ್ಲವೆಂದೂ ಹೇಳುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ನಾನು ಕಂಡಿದ್ದೇನೆ ಸಾರ್, ಬೆಳ್ಳಂದೂರಿನಲ್ಲಿ” ಎಂದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಹುಡುಗ ತಮಾಷೆಗೆ ಹೇಳಿದ ಮಾತಾಗಿರಲಿಲ್ಲ ಅದು. ಹಿಂದಿನ ವಾರವಷ್ಟೇ ಬೆಳ್ಳಂದೂರು ಕೆರೆ ಹೊತ್ತಿ ಉರಿದಿತ್ತು. ಅಗ್ನಿಶಾಮಕ ದಳದವರೊಡನೆ ಸೈನಿಕರೂ ಬಂದು ಗಂಟೆಗಟ್ಟಲೆ ಹೆಣಗಬೇಕಾಗಿತ್ತು. 2015ರಲ್ಲಿಯೂ 2017ರಲ್ಲಿಯೂ ಆ ಕೆರೆಗೆ ಬೆಂಕಿ ಬಿದ್ದದ್ದುಂಟು.

ಊರಿಗೆ ಬೆಂಕಿ ಬಿದ್ದಾಗ ಜನ ಕೆರೆಯ ಕಡೆಗೆ ಓಡುವುದು ಲೋಕದ ರೂಢಿ. ಕೆರೆಗೇ ಬೆಂಕಿ ಬಿದ್ದರೆ ಓಡುವುದೆಲ್ಲಿಗೆ?

ಬೆಂಗಳೂರು ನದೀತೀರದ ನಗರವಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ದಿಣ್ಣೆಯ ಮೇಲೆ ಕುಳಿತ ಊರು ಇದು. ಇಲ್ಲಿ ಬಿದ್ದ ಮಳೆ ಪೂರ್ವಕ್ಕೆ ಹರಿದರೆ ದಕ್ಷಿಣ ಪಿನಾಕಿನಿ, ಪಶ್ಚಿಮಕ್ಕೆ ಹರಿದರೆ ಅರ್ಕಾವತಿ; ಎರಡೂ ಊರಿಗೆ ದೂರ. ಆದ್ದರಿಂದ ಇಲ್ಲಿ ನೆಲೆಸಿದವರು ಇಳಿಜಾರಿನ ಉದ್ದಕ್ಕೂ ಏರಿಗಳನ್ನು ಹಾಕಿ, ಸರದ ಮಣಿಗಳಂತೆ ಒಂದರ ಕೆಳಗೊಂದು ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆಯ ಮೂಲಕ ಕೆಳಗಿನ ಕೆರೆಗೆ. ತೂಬಿನ ನೀರು ಅಚ್ಚುಕಟ್ಟಿನ ಗದ್ದೆಗೆ. ಯಾವ ಗದ್ದೆಗೆ ಎಷ್ಟು ನೀರೆಂಬುದನ್ನು ನೋಡಿಕೊಳ್ಳಲು ನೀರಗಂಟಿ. ಬೇಸಗೆಯಲ್ಲಿ ತಳ ಕಂಡಾಗ ರೈತರು ಗಾಡಿ ಹೂಡಿಕೊಂಡು ಬಂದು ಗೋಡುಮಣ್ಣನ್ನು ಹೊಲಕ್ಕೆ ಹೊಡೆಯುತ್ತಿದ್ದರು. ಹೊಲಕ್ಕೆ ಗೊಬ್ಬರವೂ ಆಯಿತು, ಕೆರೆಯ ಹೂಳೂ ಹೋಯಿತು. ಕೆರೆಯೆಂದರೆ ಕೇವಲ ನೀರು ನಿಂತ ಹಳ್ಳವಲ್ಲ, ಒಂದು ಊರಿನ ಪರಸ್ಪರ ಒಪ್ಪಂದ. ಕೆರೆಯಲ್ಲಿ ನೀರು ನಿಲ್ಲಲೆಂದು ಮನೆಯ ಸೊಸೆಯನ್ನೇ ಬಲಿಕೊಟ್ಟ ಕಥೆಯನ್ನು ‘ಕೆರೆಗೆ ಹಾರ’ದಲ್ಲಿ ಹಾಡಿದವರು ನಮ್ಮ ಜನ. ಆ ಕ್ರೌರ್ಯವನ್ನು ನಾನು ಸಮರ್ಥಿಸುತ್ತಿಲ್ಲ. ನೀರಿಗೆ ಅವರು ಕಟ್ಟಿದ ಬೆಲೆಯೆಷ್ಟೆಂಬುದನ್ನು ಮಾತ್ರ ನೆನೆಯುತ್ತಿದ್ದೇನೆ.

ಈ ಒಪ್ಪಂದ ಮುರಿದದ್ದು ಯಾವಾಗ? ವಿಚಿತ್ರವೆಂದರೆ, ಒಂದು ಒಳ್ಳೆಯ ಕೆಲಸದಿಂದ. 1890ರ ದಶಕದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲಕ್ಕೆ ಹೆಸರಘಟ್ಟದಿಂದ ಬೆಂಗಳೂರಿಗೆ ಕೊಳಾಯಿ ನೀರು ಬಂದಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವಾಯಿತು. 1974ರಲ್ಲಿ ಕಾವೇರಿಯೇ ಬಂದಳು: ಸುಮಾರು 100 ಕಿಲೋಮೀಟರು ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ, ಹಗಲಿರುಳು ಯಂತ್ರಗಳ ಉಸಿರಾಟದಿಂದ. ಶುದ್ಧವಾದ ನೀರು ಮನೆಬಾಗಿಲಿಗೆ ಬಂದದ್ದರಿಂದ ಎಷ್ಟು ಮಕ್ಕಳ ಪ್ರಾಣ ಉಳಿದಿದೆಯೋ! ಆ ಎಂಜಿನಿಯರುಗಳನ್ನು ದೂಷಿಸುವ ಕೃತಘ್ನತೆ ನನಗೆ ಬೇಡ. ಆದರೆ ನಲ್ಲಿ ತಿರುಗಿಸಿದೊಡನೆ ನೀರು ಬೀಳತೊಡಗಿದ ಮೇಲೆ ಊರಿನ ಕಣ್ಣಿಗೆ ಕೆರೆ ಕೆರೆಯಾಗಿ ಕಾಣಲಿಲ್ಲ, ನಿವೇಶನವಾಗಿ ಕಂಡಿತು. ಧರ್ಮಾಂಬುಧಿ ಕೆರೆಯ ಅಂಗಳ ಬತ್ತಿ ಮೈದಾನವಾಗಿ, ಆಮೇಲೆ ಕೆಂಪೇಗೌಡ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣ ನಿಂತಿದೆ. ಕರಗದ ವಿಧಿಗಳಿಗಾಗಿ ಒಂದು ಪುಟ್ಟ ಕೊಳ ಉಳಿದುಕೊಂಡಿದೆ.

ಉಳಿದ ಕೆರೆಗಳ ಪಾಡು ಮುಚ್ಚಿಹೋದವುಗಳಿಗಿಂತ ಕೆಟ್ಟದಾಯಿತು. ಊರಿಗೆ ಬಂದ ನೀರು ಊರಿನಿಂದ ಹೊರಗೆ ಹೋಗಲೇಬೇಕಲ್ಲ! ಬೆಳ್ಳಂದೂರು ಸುಮಾರು 900 ಎಕರೆಗಳ ಕೆರೆ, ನಗರದಲ್ಲೇ ದೊಡ್ಡದು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಮಳೆನೀರೆಲ್ಲ ಬಂದು ಸೇರುವ ತಾಣ. ಅದೇ ಕಾಲುವೆಗಳಲ್ಲಿ ದಶಕಗಟ್ಟಲೆ ನಗರದ ಕೊಳಚೆಯ ದೊಡ್ಡ ಪಾಲೊಂದು ಹರಿದು ಬಂದಿತು. ಕೊಳಚೆಯನ್ನು ಜೀರ್ಣಿಸಿಕೊಳ್ಳುವ ಶಕ್ತಿ ಕೆರೆಗೂ ಸ್ವಲ್ಪಮಟ್ಟಿಗೆ ಉಂಟು. ಸೂಕ್ಷ್ಮಜೀವಿಗಳು ಆ ಕೆಲಸವನ್ನು ಮಾಡುತ್ತವೆ. ಅದಕ್ಕೆ ನೀರಿನಲ್ಲಿ ಕರಗಿದ ಆಮ್ಲಜನಕ ಬೇಕು. ಕೊಳಚೆ ಮಿತಿ ಮೀರಿದಾಗ ಆಮ್ಲಜನಕ ತೀರುತ್ತದೆ, ಮೀನು ಸಾಯುತ್ತದೆ. ಆಮ್ಲಜನಕವಿಲ್ಲದೆ ಬದುಕುವ ಬೇರೊಂದು ಜಾತಿಯ ಜೀವಿಗಳು ತಳದ ಹೂಳನ್ನು ಕೊಳೆಯಿಸಿ, ಉರಿಯುವ ಮೀಥೇನ್ ಅನಿಲವನ್ನು ಹೊರಬಿಡುತ್ತವೆ. ಅಂತರಗಂಗೆಯೂ ಜೊಂಡೂ ನೀರನ್ನು ಮುಚ್ಚಿ, ಒಣಗಿ, ಮೇಲೊಂದು ಸೌದೆಯ ರಾಶಿಯಾಗುತ್ತದೆ. ಬೆಂಕಿ ಹತ್ತಿದ್ದು ಅನಿಲದಿಂದಲೋ, ತೇಲುವ ಎಣ್ಣೆಯಿಂದಲೋ, ದಡದಲ್ಲಿ ಕಸಕ್ಕೆ ಯಾರೋ ಗೀರಿದ ಕಡ್ಡಿಯಿಂದಲೋ ಎಂಬ ವಾದ ನಡೆದೇ ಇತ್ತು. ಕಡ್ಡಿ ಯಾರದಾದರೂ ಆಗಲಿ, ಸೌದೆ ನಮ್ಮೆಲ್ಲರದು.

ನೊರೆಯ ಸಂಗತಿಯಂತೂ ಇನ್ನೂ ಮನೆಯ ಹತ್ತಿರದ್ದು. ನಾವು ಬಟ್ಟೆ ಒಗೆದು ಪಾತ್ರೆ ತೊಳೆದು ಚೆಲ್ಲಿದ ಮಾರ್ಜಕಗಳು ಕೆರೆಯಲ್ಲಿ ಸೇರಿ, ಕೋಡಿಯಲ್ಲಿ ಧುಮುಕುವಾಗ ಕಡೆದಂತಾಗಿ, ಬಿಳಿಯ ನೊರೆಯ ಬೆಟ್ಟಗಳು ಎದ್ದು ಗಾಳಿಗೆ ಹಾರಿ ರಸ್ತೆಯ ಮೇಲೆ ಬೀಳುತ್ತಿದ್ದವು. ದೂರದಿಂದ ನೋಡಿದವರು ಹಿಮವೆಂದು ಮಕ್ಕಳಿಗೆ ತೋರಿಸಿದ್ದನ್ನು ಕಂಡಿದ್ದೇನೆ. 2020ರ ಬಳಿಕ ಆ ಕೆರೆಯ ನೀರನ್ನು ಹೊರಹಾಕಿ ಹೂಳೆತ್ತುವ ಕೆಲಸ ಕೈಗೊಂಡರು. ಕೋಲಾರ ಜಿಲ್ಲೆಯ ಬತ್ತಿದ ಕೆರೆಗಳಿಗೆ ಇದೇ ಕಣಿವೆಯ ಕೊಳಚೆಯನ್ನು ಶುದ್ಧೀಕರಿಸಿ 2018ರಿಂದ ಕಳುಹಿಸುತ್ತಿದ್ದಾರೆ. ಬಾವಿಗಳಲ್ಲಿ ನೀರು ಬಂದಿತೆಂದು ಹಿಗ್ಗಿದವರಿದ್ದಾರೆ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕೆಂದು ಕೇಳುವವರೂ ಇದ್ದಾರೆ. ನಮ್ಮ ಬಚ್ಚಲಿನ ನೀರು ಅವರ ಬಾವಿಗೆ ಇಳಿಯುವುದಾದರೆ ಹಾಗೆ ಕೇಳುವ ಹಕ್ಕು ಅವರಿಗೆ ಇಲ್ಲವೇ? ಅತ್ತ ಪಶ್ಚಿಮದಲ್ಲಿ ವೃಷಭಾವತಿಯ ಮಾರ್ಗವಾಗಿ ಅರ್ಕಾವತಿಯನ್ನು ಸೇರಿದ ಕೊಳಚೆ ಸಂಗಮದಲ್ಲಿ ಕಾವೇರಿಗೇ ಮರಳುತ್ತದೆ. ತವರಿನಿಂದ ಕರೆತಂದವಳನ್ನು ಇಂಥ ವೇಷದಲ್ಲಿ ಹಿಂದಕ್ಕೆ ಕಳುಹಿಸುತ್ತಿದ್ದೇವೆ.

ಇಷ್ಟೆಲ್ಲ ಬರೆಯುವ ನಾನು ಎಲ್ಲಿ ವಾಸವಾಗಿದ್ದೇನೆಂದು ವಾಚಕರು ಕೇಳಬಹುದು. ಕೇಳಲೇಬೇಕು. ನಗರದ ಪೂರ್ವಕ್ಕಿರುವ ಒಂದು ಬಡಾವಣೆಯಲ್ಲಿ, ಬ್ಯಾಂಕಿನ ಸಾಲದಿಂದ ಕಟ್ಟಿದ ಮನೆಯಲ್ಲಿ. ಕಾಗದಪತ್ರಗಳೆಲ್ಲ ಸರಿಯಾಗಿದ್ದವು. 2022ರ ಸೆಪ್ಟೆಂಬರಿನಲ್ಲಿ ರಾತ್ರಿಯಿಡೀ ಮಳೆ ಸುರಿದು, ಹೊರವರ್ತುಲ ರಸ್ತೆಯಲ್ಲಿ ಕಚೇರಿಯ ಜನರನ್ನು ಟ್ರಾಕ್ಟರುಗಳಲ್ಲಿ ಸಾಗಿಸಿದರಲ್ಲ, ಆ ವಾರ ನಮ್ಮ ನಡುಮನೆಯಲ್ಲಿಯೂ ಮೊಳಕಾಲುದ್ದ ನೀರು ನಿಂತಿತು. ಕೆಳಗಿನ ಎರಡು ಸಾಲಿನ ಪುಸ್ತಕಗಳು ಹೋದವು. ನಿಘಂಟಿನ ಸಂಪುಟಗಳು ಉಬ್ಬಿ ರೊಟ್ಟಿಯಂತಾದವು. ನೀರಿಳಿದ ಮೇಲೆ ಹಾಲು ಹಾಕುವ ಮುದುಕರು ಗೇಟಿನ ಬಳಿ ನಿಂತು, “ಮೇಷ್ಟ್ರೇ, ಇದು ಕೋಡಿಹಳ್ಳ. ನಮ್ಮಪ್ಪ ಇಲ್ಲಿ ಎಮ್ಮೆ ಮೈ ತೊಳೀತಿದ್ದ. ನೀರು ದಾರಿ ಮರೆತಿಲ್ಲ, ಅಷ್ಟೇ” ಎಂದರು. ನನಗೆ ಸಿಟ್ಟು ಬಂದಿತು. ಅವರ ಮೇಲೆ ಸಿಟ್ಟಾಗಲು ಕಾರಣವಿರಲಿಲ್ಲ. ಬೇರೆ ಯಾರೂ ಎದುರಿಗಿರಲಿಲ್ಲ.

ಕಳೆದ ವರ್ಷ ಪಕ್ಕದ ಖಾಲಿ ನಿವೇಶನವನ್ನು ನೋಡಲು ನಿವೃತ್ತರೊಬ್ಬರು ಪತ್ನೀಸಮೇತರಾಗಿ ಬಂದಿದ್ದರು. “ಮಳೆಗಾಲದಲ್ಲಿ ಇಲ್ಲಿ ನೀರಿನ ತೊಂದರೆಯೇನೂ ಇಲ್ಲವಷ್ಟೆ?” ಎಂದು ನನ್ನನ್ನು ಕೇಳಿದರು. ಪಕ್ಕದ ನಿವೇಶನದ ಬೆಲೆ ಕುಸಿದರೆ ನಮ್ಮ ಮನೆಯ ಬೆಲೆಯೂ ಕುಸಿಯುತ್ತದೆಂಬುದು ನನ್ನ ನಾಲಗೆಗೆ ಚೆನ್ನಾಗಿ ತಿಳಿದಿತ್ತು. “ಈಚೆಗೆ ಏನೂ...” ಎಂದು ತೊದಲುತ್ತಿದ್ದೆ. ನನ್ನ ಹೆಂಡತಿ ಒಳಗಿನಿಂದ ಬಂದು, “ಬನ್ನಿ, ಗೋಡೆಯ ಮೇಲಿನ ಗುರುತು ತೋರಿಸುತ್ತೇನೆ, ನೋಡಿಕೊಂಡು ಹೋಗಿ. ಕಾಫಿಯನ್ನೂ ಕುಡಿಯಿರಿ” ಎಂದಳು.

ಅವರು ಕಾಫಿ ಕುಡಿದು ಹೋದವರು ಮತ್ತೆ ಬರಲಿಲ್ಲ. ನಿವೇಶನ ಖಾಲಿಯಾಗಿಯೇ ಇದೆ. ಈ ವರ್ಷ ಅಲ್ಲಿ ಜೊಂಡು ಬೆಳೆದಿದೆ.