ಅಧಿಕಾರವಿಲ್ಲದ ಶುಶ್ರೂಷಾಧಿಕಾರಿಗಳು

ಆಸ್ಪತ್ರೆಯಲ್ಲಿ ಮಲಗಿದ ರೋಗಿಯ ಬಳಿ ವೈದ್ಯರು ನಿಲ್ಲುವುದು ದಿನಕ್ಕೆ ಕೆಲವು ನಿಮಿಷಗಳು ಮಾತ್ರ. ಮಿಕ್ಕ ಹೊತ್ತೆಲ್ಲ ಅವನು ದಾದಿಯರ ವಶದಲ್ಲಿರುವನೆಂಬುದನ್ನು, ಒಮ್ಮೆಯಾದರೂ ಆಸ್ಪತ್ರೆಯ ಮೆಟ್ಟಲು ಹತ್ತಿದ ವಾಚಕರೆಲ್ಲರೂ ಬಲ್ಲರು. ಹೀಗಿದ್ದರೂ ಆ ದಾದಿಯರಿಗೆ ಕೆಲಸ ಹಂಚುವವರು ಯಾರು, ತಪ್ಪಿದರೆ ತಿದ್ದುವವರು ಯಾರು, ಅದಕ್ಕೆ ತಕ್ಕ ಅಧಿಕಾರ ಯಾರಲ್ಲಿದೆ ಎಂಬ ವಿಚಾರಕ್ಕೆ ಸರ್ಕಾರಗಳಾಗಲಿ ಸಾರ್ವಜನಿಕರಾಗಲಿ ಕೊಟ್ಟಿರುವ ಗಮನ ಅತ್ಯಲ್ಪ.

ಪ್ರತಿವರ್ಷವೂ ಮೇ 12ರಂದು ಫ್ಲಾರೆನ್ಸ್ ನೈಟಿಂಗೇಲರ ಜನ್ಮದಿನದ ಉತ್ಸವ ನಡೆಯುತ್ತದೆ. ದೀಪ ಹಿಡಿದ ಕರುಣಾಮಯಿಯೆಂದು ಆಕೆಯನ್ನು ಕೊಂಡಾಡುವ ನಾವು ಆಕೆಯ ಆಡಳಿತ ಸಾಮರ್ಥ್ಯವನ್ನು ಮರೆತಿದ್ದೇವೆ. 1854ರ ನವೆಂಬರಿನಲ್ಲಿ 38 ಮಂದಿ ಸ್ತ್ರೀಯರೊಡನೆ ತುರ್ಕಿಯ ಸ್ಕುಟಾರಿಯಲ್ಲಿದ್ದ ಸೈನಿಕ ಆಸ್ಪತ್ರೆಗೆ ಬಂದ ಆಕೆ ರೋಗಿಗಳ ಆರೈಕೆಯಷ್ಟೇ ಆಸ್ಥೆಯಿಂದ ಅಡಿಗೆಮನೆ, ಬಟ್ಟೆ ಒಗೆಯುವ ವ್ಯವಸ್ಥೆ, ಉಗ್ರಾಣಗಳನ್ನು ನೋಡಿಕೊಂಡರು. ಆದರೂ 1855ರ ಫೆಬ್ರವರಿಯಲ್ಲಿ ಅಲ್ಲಿನ ಮರಣ ನೂರಕ್ಕೆ 42ರಷ್ಟಿತ್ತು. ಮಾರ್ಚಿಯಲ್ಲಿ ಬಂದ ನೈರ್ಮಲ್ಯ ಕಮಿಷನ್ನಿನವರು ಚರಂಡಿಗಳನ್ನು ಶುದ್ಧಮಾಡಿಸಿದ ಮೇಲೆ, ಜೂನ್ ವೇಳೆಗೆ ಅದು ಸುಮಾರು 2ಕ್ಕೆ ಇಳಿಯಿತು. ಕರುಣೆಯೊಂದರಿಂದಲೇ ಪ್ರಾಣ ಉಳಿಯದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ಶಿಕ್ಷಣಶಾಲೆ ಆರಂಭವಾಯಿತು. ದಾದಿಯರ ಶಿಸ್ತು, ಶಿಕ್ಷಣಗಳು ಮೇಟ್ರನ್ನಿನ ಕೈಯಲ್ಲಿರಬೇಕೇ ಹೊರತು ಬೇರೆ ಅಧಿಕಾರಿಗಳ ಕೈಯಲ್ಲಲ್ಲವೆಂಬುದು ಆಕೆಯ ಹಟವಾಗಿತ್ತು. ತಾನಿದ್ದಾಗ ನಡೆಯುವ ಕೆಲಸವು ತಾನಿಲ್ಲದಾಗಲೂ ನಡೆಯುವಂತೆ ಏರ್ಪಡಿಸಲಾರದವರ ಶುಶ್ರೂಷೆ ವ್ಯರ್ಥವೆಂದು ಆಕೆ ಬರೆದದ್ದೂ ಅದೇ ಕಾಲದಲ್ಲಿ.

ನಮ್ಮ ದೇಶದ ಸ್ಥಿತಿಯನ್ನು ನೋಡೋಣ. 43,000 ಜನರಿಗೆ ಒಬ್ಬ ದಾದಿ ಇರುವರೆಂದು 1946ರಲ್ಲಿ ಭೋರ್ ಸಮಿತಿಯವರು ಲೆಕ್ಕ ಕೊಟ್ಟರು. ಆ ಕಾಲ ಕಳೆಯಿತು, ಕಾಲೇಜುಗಳು ಹೆಚ್ಚಿದವು, 1947ರ ಕಾನೂನಿನ ಸ್ಥಾನಕ್ಕೆ 2023ರಲ್ಲಿ ಹೊಸ ಕಾನೂನೂ ಬಂದಿತು. 2016ರಲ್ಲಿ ಕೇಂದ್ರ ಸರ್ಕಾರದವರು ಸ್ಟಾಫ್ ನರ್ಸುಗಳಿಗೆ ಶುಶ್ರೂಷಾಧಿಕಾರಿಗಳೆಂಬ ಬಿರುದನ್ನು ದಯಪಾಲಿಸಿದರು. ಬಿರುದು ಬಂದಿತು, ಅಧಿಕಾರ ಬರಲಿಲ್ಲ.

ವಾರ್ಡಿನ ಹಿರಿಯ ದಾದಿಯವರ ಬೆಳಗು ಹೇಗೆ ಕಳೆಯುತ್ತದೆ? ಹಾಸಿಗೆ ಹೊದಿಕೆಗಳ ಎಣಿಕೆ, ಔಷಧದ ಇಂಡೆಂಟು, ಊಟದ ಪಟ್ಟಿ, ಕೆಟ್ಟ ದೀಪಕ್ಕೆ ಅರ್ಜಿ. ಹೊಸಬರು ಸೂಜಿ ಚುಚ್ಚುವುದನ್ನು ನಿಂತು ನೋಡಲು, ಪಾಳಿ ಬದಲಾಗುವಾಗ ಪ್ರತಿ ರೋಗಿಯ ವಿಷಯವನ್ನೂ ಸರಿಯಾಗಿ ಒಪ್ಪಿಸಿದರೆ ಎಂದು ವಿಚಾರಿಸಲು ಅವರಿಗೆ ಸಮಯವೆಲ್ಲಿದೆ? ಸಾಮಾನ್ಯ ಆಸ್ಪತ್ರೆಗಳಲ್ಲಿ 5 ರೋಗಿಗಳಿಗೆ, ಬೋಧನಾಸ್ಪತ್ರೆಗಳಲ್ಲಿ 3 ರೋಗಿಗಳಿಗೆ ಒಬ್ಬ ದಾದಿ ಇರಬೇಕೆಂದೂ, ರಜೆಗಾಗಿ ನೂರಕ್ಕೆ 30ರಷ್ಟು ಹೆಚ್ಚು ಮಂದಿ ಬೇಕೆಂದೂ ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮವಿತ್ತು. ಆ ಮೇಲ್ಪಂಕ್ತಿ ಕಾಗದದಲ್ಲಿಯೇ ಉಳಿದು, ಇಡೀ ವಾರ್ಡಿಗೆ ರಾತ್ರಿ ಒಬ್ಬರೇ ದಾದಿ ಕಾವಲಿರುವುದನ್ನು ಯಾರು ಕಂಡಿಲ್ಲ? ಜನ ಸಾಲದೆಂದು ಹಿರಿಯ ದಾದಿಯವರು ಬರೆದ ಕಾಗದ ಕಟ್ಟಿನಲ್ಲಿ ಮಲಗುತ್ತದೆ. ಅನಾಹುತವಾದರೆ ಮಾತ್ರ ಸಮಜಾಯಿಷಿ ಕೇಳುವ ನೋಟೀಸು ಅವರ ಹೆಸರಿಗೇ ಹೊರಡುತ್ತದೆ.

ಒಂದು ಮನೆಗೆ ಇಬ್ಬರು ಯಜಮಾನರು ಕೂಡದೆಂದು ಕೆಲವು ವೈದ್ಯಮಹಾಶಯರು ಆಕ್ಷೇಪಿಸಬಹುದು. ಚಿಕಿತ್ಸೆಯನ್ನು ನಿಶ್ಚಯಿಸುವ ಹಕ್ಕು ವೈದ್ಯರದೇ. ಅದನ್ನು ಯಾರೂ ಕಸಿದುಕೊಳ್ಳುವಂತಿಲ್ಲ. ಅವರ ಆಜ್ಞೆಯನ್ನು ಹಗಲಿರುಳು ಯಾರಿಂದ, ಯಾವ ಕ್ರಮದಲ್ಲಿ ನಡೆಸಬೇಕೆಂಬುದು ಬೇರೊಂದು ವಿದ್ಯೆ. ದಾದಿಯರ ಪದವಿ ಪಾಠಕ್ರಮದಲ್ಲಿಯೇ ಆಡಳಿತವು ಒಂದು ವಿಷಯವಾಗಿದೆ. ಆದರೆ ಕಲಿತ ವಿದ್ಯೆಯನ್ನು ವಿಚಾರಿಸದೆ, ಸೇವಾವಧಿಯೊಂದನ್ನೇ ನೋಡಿ ಮೇಲ್ವಿಚಾರಣೆ ಒಪ್ಪಿಸುವ ಪದ್ಧತಿಯೂ ದೋಷಯುಕ್ತವೆಂದು ಹೇಳದಿದ್ದರೆ ಪಕ್ಷಪಾತವಾದೀತು.

ಆದಕಾರಣ ಇಲಾಖೆಯವರು ಮೊದಲು ಪ್ರತಿ ದೊಡ್ಡ ವಾರ್ಡಿಗೂ ಒಬ್ಬ ಗುಮಾಸ್ತೆಯನ್ನು ಕೊಟ್ಟು ಉಗ್ರಾಣದ ಲೆಕ್ಕವನ್ನು ಅವರಿಗೆ ವಹಿಸಲಿ. ಪಾಳಿಯ ಪಟ್ಟಿ, ರಜೆ, ಹೊಸಬರ ತರಬೇತಿಗಳಲ್ಲಿ ಶುಶ್ರೂಷಾ ಅಧೀಕ್ಷಕರ ಮಾತೇ ಕೊನೆಯದಾಗಲಿ. ಜಿಲ್ಲಾ ಆಸ್ಪತ್ರೆಗಳ ಆಡಳಿತ ಸಮಿತಿಗಳಲ್ಲಿ ಅವರಿಗೆ ಮತಾಧಿಕಾರವುಳ್ಳ ಸ್ಥಾನವಿರಲಿ. ಯಾವ ಆಸ್ಪತ್ರೆಯಲ್ಲಿ ದಾದಿಯರ ಎಷ್ಟು ಹುದ್ದೆಗಳು ಎಷ್ಟು ದಿನಗಳಿಂದ ಖಾಲಿಯಿವೆಯೆಂಬ ಪಟ್ಟಿಯನ್ನು ಮುಂಗಡಪತ್ರದೊಡನೆ ಶಾಸನಸಭೆಯ ಮುಂದಿಡುವಂತೆ ಆರೋಗ್ಯ ಮಂತ್ರಿಗಳನ್ನು ಕೇಳುತ್ತೇವೆ.