ಓದುವುದಕ್ಕೂ ಅಪ್ಪಣೆ ಬೇಕೆ?

ಬರೆಯುವುದಕ್ಕೆ ಅಪ್ಪಣೆ ಬೇಕೆಂದರೆ ಯಾರಾದರೂ ಒಪ್ಪುವರು, ಬರೆಯಹೋದವನು ಕೆಡಿಸಿಯಾನು. ಆದರೆ ಸುಮ್ಮನೆ ಓದಿದರೆ ಕೆಡುವುದೇನು? ಈ ಪ್ರಶ್ನೆಗೆ ಕಂಪ್ಯೂಟರು ಕೊಡುವ ಉತ್ತರ ಕುತೂಹಲಕರವಾಗಿದೆ.

ಕಂಪ್ಯೂಟರಿನ ಒಡಲಿನಲ್ಲಿ ಚಿತ್ರ ಮೂಡಿಸುವ, ಧ್ವನಿ ಹೊರಡಿಸುವ, ಅಂತರ್ಜಾಲಕ್ಕೆ ಸಂಪರ್ಕ ಕಲ್ಪಿಸುವ ಹಲವು ಸಾಧನಗಳುಂಟು. 1992ರಲ್ಲಿ ಹೊರಬಂದ ಪಿಸಿಐ ಎಂಬ ಪದ್ಧತಿಯಂತೆ, ಇಂತಹ ಸಾಧನವು ತನ್ನ ಜಾತಕವನ್ನು 256 ಬೈಟುಗಳಷ್ಟು ಪುಟ್ಟ ಖಾನೆಗಳಲ್ಲಿ ಇರಿಸಿಕೊಂಡಿರುತ್ತದೆ. ಈ ಖಾನೆಗಳಿಗೆ ರಿಜಿಸ್ಟರುಗಳೆಂದು ಹೆಸರು. ತಯಾರಕರ ಗುರುತಿನ ಸಂಖ್ಯೆಯೇ ಮೊದಲ ಖಾನೆಯಲ್ಲಿರುವುದು. ಇಂಟೆಲ್ ಸಂಸ್ಥೆಯ ಸಂಖ್ಯೆ 8086. 1978ರಲ್ಲಿ ಬಂದ ಅದರ ಪ್ರಸಿದ್ಧ ಪ್ರೊಸೆಸರಿನ ಹೆಸರೂ ಅದೇ! ಮುಂದೆ ಬಂದ ಪಿಸಿಐ ಎಕ್ಸ್‌ಪ್ರೆಸ್ ಪದ್ಧತಿಯಲ್ಲಿ ಈ ಜಾತಕ 4096 ಬೈಟುಗಳವರೆಗೆ ಬೆಳೆಯಿತು.

ಕಂಪ್ಯೂಟರಿನ ಒಳಾಡಳಿತ ನಡೆಸುವ ಆಪರೇಟಿಂಗ್ ಸಿಸ್ಟಂಗಳಲ್ಲಿ ಲಿನಕ್ಸ್ ಒಂದು. ಅದು ಸಾಮಾನ್ಯ ಬಳಕೆದಾರನಿಗೆ ಸಾಧಾರಣವಾಗಿ ಮೊದಲ 64 ಬೈಟುಗಳನ್ನಷ್ಟೇ ತೋರಿಸುತ್ತದೆ. ಉಳಿದುದನ್ನು ಕಾಣಬೇಕಾದರೆ 'ರೂಟ್' ಎಂಬ ಯಜಮಾನನ ಅಧಿಕಾರ ಬೇಕು.

ಇಷ್ಟು ಬಿಗಿಯೇಕೆ? ಮೊದಲ 64 ಬೈಟುಗಳ ವಿನ್ಯಾಸವನ್ನು ಪದ್ಧತಿಯೇ ಗೊತ್ತುಮಾಡಿದೆ. ಅಲ್ಲಿಂದಾಚೆಗೆ ತಯಾರಕರಿಗೆ ಹೆಚ್ಚಿನ ಸ್ವಾತಂತ್ರ್ಯ. ಕೆಲವು ಸಾಧನಗಳಲ್ಲಿ ತೆರೆಯಬಾರದ ಖಾನೆಯನ್ನು ಓದಹೋದರೆ ಸಾಧನವೇ ಸ್ತಬ್ಧವಾಗಿ, ಇಡೀ ಕಂಪ್ಯೂಟರು ನಿಂತುಹೋಗುವುದುಂಟು. ಸಾಧನಗಳೊಳಗಿನ ಬೇರೆ ಕೆಲವು ರಿಜಿಸ್ಟರುಗಳಂತೂ ಓದಿದೊಡನೆ ಅಳಿಸಿಹೋಗುವ ಸ್ಲೇಟಿನಂತೆ! ಯಾರೋ ಕುತೂಹಲಕ್ಕೆಂದು ಓದಿದರೆ, ನಿಜವಾಗಿ ಓದಬೇಕಾದವನಿಗೆ ಸಂದೇಶವೇ ಸಿಕ್ಕದು.

ಇನ್ನೊಂದು ಭಯ ಗುಟ್ಟಿನದು. ಪಕ್ಕದ ಮನೆಯ ಒಗ್ಗರಣೆಯ ಘಮದಿಂದಲೇ ಅಲ್ಲಿ ಸಾರೋ ಹುಳಿಯೋ ಎಂದು ಗೃಹಿಣಿಯರು ಹೇಳಬಲ್ಲರಷ್ಟೆ? ಇಂಟೆಲ್ ಪ್ರೊಸೆಸರುಗಳಲ್ಲಿ ವಿದ್ಯುತ್ತಿನ ಖರ್ಚನ್ನು ಅಳೆಯುವ ರಿಜಿಸ್ಟರುಗಳಿವೆ. ಆ ಲೆಕ್ಕವನ್ನು ಲಿನಕ್ಸ್ ಎಲ್ಲ ಬಳಕೆದಾರರಿಗೂ ತೋರಿಸುತ್ತಿತ್ತು. 2020ರಲ್ಲಿ ಆಸ್ಟ್ರಿಯದ ಗ್ರಾಟ್ಸ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರೂ ಅವರ ಸಹೋದ್ಯೋಗಿಗಳೂ, ವಿದ್ಯುತ್ ಖರ್ಚಿನ ಏರಿಳಿತದಿಂದಲೇ ರಹಸ್ಯ ಸಂಕೇತಗಳ ಕೀಲಿಗಳನ್ನು ಕಂಡುಹಿಡಿಯಬಹುದೆಂದು ಮಾಡಿ ತೋರಿಸಿದರು. 'ಪ್ಲಾಟಿಪಸ್' ಎಂಬುದು ಆ ತಂತ್ರಕ್ಕೆ ಅವರಿಟ್ಟ ಹೆಸರು. ಒಡನೆಯೇ ಲಿನಕ್ಸಿನಲ್ಲಿ ಆ ಲೆಕ್ಕವೂ ಯಜಮಾನನಿಗಷ್ಟೇ ಮೀಸಲಾಯಿತು.

ಆದರೆ ಈ ಕಾವಲಿಗೂ ಒಂದು ಬೆಲೆಯುಂಟು. ತನ್ನದೇ ಯಂತ್ರದ ರೋಗವೇನೆಂದು ತಿಳಿಯಬಯಸುವ ಪ್ರಾಮಾಣಿಕನೂ ರೂಟ್ ಆಗಬೇಕು. ರೂಟ್ ಆದವನಿಗೆ ಓದುವ ಅಧಿಕಾರದೊಡನೆ ಬರೆಯುವ, ಅಳಿಸುವ ಅಧಿಕಾರವೂ ಕೈಗೆ ಬರುತ್ತದೆ. ಒಂದು ಪುಟ ಓದಲೆಂದು ಮನೆಯ ಬೀಗದ ಕೈಗೊಂಚಲನ್ನೇ ಪಡೆದಂತಾಯಿತು. ಆದುದರಿಂದ ಬಲ್ಲವರು ಬೇಕಾದ ಆ ಒಂದು ಆಜ್ಞೆಗೆ ಮಾತ್ರ ಅಧಿಕಾರವನ್ನು ಪಡೆದು, ಕೆಲಸ ಮುಗಿದೊಡನೆ ಸಾಮಾನ್ಯ ಬಳಕೆದಾರರಾಗಿಯೇ ಉಳಿಯುವರು. ಕಂಪ್ಯೂಟರಿರುವ ಮನೆಯವರೆಲ್ಲರೂ ರೂಢಿಸಿಕೊಳ್ಳಬೇಕಾದ ಪದ್ಧತಿಯಿದು.